ಹಳೇ ಬಣ್ಣ ಕೆರೆಯುವ ಮುನ್ನ

ಮಳೆ ಹಿಂದೆ ಸರಿದು ಬಿಸಿಲು ಮೂಡಿದ್ದೇ ತಡ, ಊರಿಗೆ ಊರೇ ಸುಣ್ಣ-ಬಣ್ಣಕ್ಕೆ ಇಳಿಯುತ್ತದೆ. ದಸರೆ, ದೀಪಾವಳಿ ಎದುರಿಗಿವೆ. ಮುಂದೆ ಮದುವೆಗಳ ಸಾಲು. ಗ್ರಾಮದೇವಿ ಜಾತ್ರೆ ಗೊತ್ತಾದ ವರ್ಷವಂತೂ ಬಣ್ಣ ಕಾಣದ ಮನೆಯೇ ಇರುವುದಿಲ್ಲ. ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಂಥ ಮಲೆನಾಡ ಸೆರಗಿನ ಹಳ್ಳಿಗಳಲ್ಲಿ ಈ ಕೆಲಸ ಇನ್ನೂ ಒಂದು ಪಾಲು ಹೆಚ್ಚು. ಇಲ್ಲಿ ನವಲಗುಂದ, ಅಣ್ಣಿಗೇರಿಯ ಕರಿನೆಲಕ್ಕಿಂತ ಮಳೆ ಜೋರು, ಮನೆಗಳಲ್ಲಿ ಕಟ್ಟಿಗೆಯೂ ಹೆಚ್ಚು. ತಿಂಗಳುಗಟ್ಟಲೆ ತೇವ ಕುಡಿದು ಉಬ್ಬಿದ ಬಾಗಿಲು, ಕಿಟಕಿ, ಪಡಸಾಲೆಯ ಕಂಬಗಳ ಮೇಲೆ ಹಳೇ ಬಣ್ಣ ಹಪ್ಪಳದಂತೆ ಎದ್ದು ನಿಂತಿರುತ್ತದೆ.

ಪೇಂಟರು ಬರುತ್ತಾರೆ. ಬಾಯಿಗೊಂದು ಟವೆಲ್ ಸುತ್ತಿಕೊಂಡು ಪುಟ್ಟಿ ಬ್ಲೇಡಿನಿಂದ ಕೆರೆಯುತ್ತಾರೆ, ಆಮೇಲೆ ಪಾಲಿಶ್ ಪೇಪರ್ ಹಿಡಿದು ಗಸಗಸ ತಿಕ್ಕುತ್ತಾರೆ. ಹಸಿರು, ಹಳದಿ, ಕೆಂಪು ಪುಡಿ ಕಟ್ಟೆಯ ಮೇಲೆ, ಹೊಸ್ತಿಲ ಮೇಲೆ, ಒಣಹಾಕಿದ ಶೇಂಗಾದ ಮೇಲೆ ಕೂರುತ್ತದೆ. ಮಕ್ಕಳು ಬಣ್ಣದ ಚಕ್ಕೆ ಆರಿಸಿ ಆಟಕ್ಕೆ ಹಚ್ಚುತ್ತಾರೆ. ಕೋಳಿಗಳು ಕುಕ್ಕುತ್ತವೆ. ಸಂಜೆ ಮನೆಯಾಕೆ ಎಲ್ಲವನ್ನೂ ಕಸಬರಿಗೆಯಿಂದ ಬಳಿದು ತಿಪ್ಪೆಗೆ ಹಾಕುತ್ತಾಳೆ. ನೋಡಿದವರಿಗೆ ಇದರಲ್ಲಿ ಅಪಾಯದ ಸುಳಿವೂ ಸಿಗದು. ಆದರೆ ಆ ಪುಡಿಯಲ್ಲಿ ಸೀಸ ಇದ್ದರೆ, ಅಂದು ಆ ಮನೆಯಲ್ಲಿ ಉಸಿರಾಡಿದ, ಉಂಡ, ಅಂಬೆಗಾಲಿಟ್ಟ ಎಲ್ಲರ ಮೈಯೊಳಗೂ ಅದು ಸ್ವಲ್ಪ ಸ್ವಲ್ಪ ಹೋಗಿರುತ್ತದೆ.

ಸೀಸದ ಬಣ್ಣ ಕೆಟ್ಟದ್ದು ಎಂಬ ಮಾತನ್ನು ನಾವು ಟಿವಿಯ ಜಾಹೀರಾತಿನಲ್ಲೋ ಡಬ್ಬಿಯ ಮೇಲಿನ ಬರಹದಲ್ಲೋ ಅಲ್ಪಸ್ವಲ್ಪ ಕೇಳಿದ್ದೇವೆ. ಹೊಸ ಡಬ್ಬಿ ಕೊಳ್ಳುವಾಗ ಅದು ನೆನಪಾದರೂ ಆಗಬಹುದು. ಹಳೇ ಬಣ್ಣ ತೆಗೆಯುವಾಗ ಮಾತ್ರ ನೆನಪಾಗುವುದಿಲ್ಲ. ಹೆಚ್ಚಿನ ಅಪಾಯ ಇರುವುದು ಆ ಹೊತ್ತಿನಲ್ಲೇ.

ಗೋಡೆಗಿಂತ ಬಾಗಿಲನ್ನು ನೋಡಿ

ಮೊದಲು ಒಂದು ಸಮಾಧಾನದ ಸಂಗತಿ. ನಮ್ಮ ಹಳ್ಳಿಯ ಮನೆಗಳ ಗೋಡೆಗೆ ತಲೆಮಾರುಗಳಿಂದ ಬಳಿಯುತ್ತ ಬಂದದ್ದು ಸುಣ್ಣ, ನಂತರದ ದಿನಗಳಲ್ಲಿ ಡಿಸ್ಟೆಂಪರ್. ಸುಣ್ಣದಲ್ಲಿ ಸೀಸ ಬೆರೆಸುವ ಪದ್ಧತಿಯಿಲ್ಲ. ನೀರಿನಲ್ಲಿ ಕಲಸುವ ಬಣ್ಣಗಳಲ್ಲೂ ಅದು ಸಾಮಾನ್ಯವಾಗಿ ಕಡಿಮೆ.

ಸೀಸ ಸೇರಿಕೊಂಡಿದ್ದು ಮುಖ್ಯವಾಗಿ ಆಯಿಲ್ ಪೇಂಟಿನಲ್ಲಿ, ಅಂದರೆ ಹೊಳಪು ಕೊಡುವ ಎನಾಮಲ್ ಬಣ್ಣದಲ್ಲಿ. ಇದನ್ನು ಬಳಿಯುವುದು ಮರಕ್ಕೆ ಮತ್ತು ಕಬ್ಬಿಣಕ್ಕೆ. ಹಾಗಾಗಿ ಅನುಮಾನದಿಂದ ನೋಡಬೇಕಾದ ಜಾಗಗಳು ಇವು: ಬಾಗಿಲು ಮತ್ತು ಚೌಕಟ್ಟು, ಕಿಟಕಿಯ ಪಡಕು, ಕಬ್ಬಿಣದ ಸರಳು, ಪಡಸಾಲೆಯ ಕಂಬ, ತೊಲೆ, ಜಂತಿ, ಮಂಚ, ಕಪಾಟು, ಗೇಟು, ಶಾಲೆಯ ಬೆಂಚು. ಕೆಲವು ಮನೆಗಳಲ್ಲಿ ಗೋಡೆಯ ಕೆಳಭಾಗಕ್ಕೂ ತೊಳೆಯಲು ಸುಲಭವೆಂದು ಮೂರು ಅಡಿ ಎತ್ತರ ಆಯಿಲ್ ಪೇಂಟಿನ ಪಟ್ಟಿ ಹೊಡೆಸಿರುತ್ತಾರೆ. ಮಕ್ಕಳ ಕೈ ಎಟಕುವುದೂ ಸರಿಯಾಗಿ ಅಷ್ಟೇ ಎತ್ತರಕ್ಕೆ.

ಬಣ್ಣಕ್ಕೆ ಸೀಸ ಬೆರೆಸಲು ಕಾರಣಗಳಿದ್ದವು. ಸೀಸದ ಕ್ರೋಮೇಟ್ ಹಾಕಿದರೆ ಹಳದಿ, ಕಿತ್ತಳೆ ಬಣ್ಣಗಳಿಗೆ ಬಿಸಿಲಿಗೂ ಮಾಸದ ಕಡುಪು ಬರುತ್ತದೆ. ಹಸಿರು, ಕೆಂಪು ಬಣ್ಣಗಳಲ್ಲೂ ಅದು ಸೇರುತ್ತಿತ್ತು. ರೆಡ್ ಲೆಡ್ ಎಂಬ ಕೇಸರಿಗೆಂಪು ಪುಡಿಯನ್ನು ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಪ್ರೈಮರ್ ಆಗಿ ಬಳಿಯುತ್ತಿದ್ದರು. ಬಣ್ಣ ಬೇಗ ಒಣಗಲೆಂದೂ ಸೀಸದ ಸಂಯುಕ್ತಗಳನ್ನು ಸೇರಿಸುತ್ತಿದ್ದರು. ಗಟ್ಟಿಯಾಗಿ ಕೂರುವ, ಹೊಳೆಯುವ, ಮಳೆ ತಡೆಯುವ ಬಣ್ಣ ಬೇಕೆಂದವರಿಗೆ ಸೀಸ ಅಗ್ಗದ ದಾರಿಯಾಗಿತ್ತು.

ಎಷ್ಟು ಸೀಸ? ಭಾರತದ ಮಾರುಕಟ್ಟೆಯ ಬಣ್ಣಗಳನ್ನು ಪರೀಕ್ಷಿಸಿ ಅಭಯ್ ಕುಮಾರ್ ಮತ್ತು ಪೆರಿ ಗಾಟ್ಸ್‌ಫೆಲ್ಡ್ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ನೀರಿನ ಬಣ್ಣಗಳಲ್ಲಿ ಸೀಸ ಕಡಿಮೆಯಿತ್ತು. ಎನಾಮಲ್ ಬಣ್ಣಗಳಲ್ಲಿ ಹೆಚ್ಚಿನವು 600 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 600 ಭಾಗ ಎಂಬ ಅಂದಿನ ಅಮೆರಿಕದ ಮಿತಿಯನ್ನು ದಾಟಿದ್ದವು. ಅತಿ ಹೆಚ್ಚೆಂದರೆ 1,40,000 ಪಿಪಿಎಂ ಸೀಸ ಸಿಕ್ಕಿತು. ಅಂಥ ಬಣ್ಣದ ನೂರು ಗ್ರಾಂನಲ್ಲಿ ಹದಿನಾಲ್ಕು ಗ್ರಾಂ ಸೀಸವೇ.

ತಡವಾಗಿ ಬಂದ ಕಾಯ್ದೆ

ಈ ವಿಷಯ ಜಗತ್ತಿಗೆ ತಿಳಿದು ಶತಮಾನ ದಾಟಿದೆ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಲಾಕ್‌ಹಾರ್ಟ್ ಗಿಬ್ಸನ್ ಎಂಬ ಕಣ್ಣಿನ ವೈದ್ಯರು ಮಕ್ಕಳಲ್ಲಿ ಕಾಣುತ್ತಿದ್ದ ಸೀಸದ ನಂಜಿನ ಮೂಲ ಹುಡುಕುತ್ತ ಹೋಗಿ, ಅದು ಮನೆಯ ಮುಂದಿನ ಜಗಲಿಯ ಕಟಕಟೆ ಮತ್ತು ಕೋಣೆಯ ಗೋಡೆಗಳಿಗೆ ಬಳಿದ ಬಣ್ಣ ಎಂದು 1904ರಲ್ಲಿ ಬರೆದರು. ಬಿಸಿಲಿಗೆ ಪುಡಿಯಾದ ಬಣ್ಣ ಮಕ್ಕಳ ಕೈಗೆ ಹತ್ತಿ, ಕೈಯಿಂದ ಬಾಯಿಗೆ ಹೋಗುತ್ತಿತ್ತು. ಬಿಸಿಲ ನಾಡು, ಬಣ್ಣದ ಜಗಲಿ, ಅಲ್ಲೇ ಆಡುವ ಮಕ್ಕಳು: ನಮ್ಮ ಕಟ್ಟೆ, ಪಡಸಾಲೆಗಳಿಗೂ ಇದು ಅಷ್ಟೇ ಅನ್ವಯಿಸುತ್ತದೆ. ಮನೆಯೊಳಗಿನ ಬಣ್ಣದ ಕೆಲಸದಲ್ಲಿ ಬಿಳಿ ಸೀಸ ಬಳಸಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1921ರಲ್ಲೇ ಒಪ್ಪಂದ ರೂಪಿಸಿತು. ಅಮೆರಿಕ 1978ರಲ್ಲಿ ಮನೆಬಳಕೆಯ ಸೀಸದ ಬಣ್ಣವನ್ನು ನಿಷೇಧಿಸಿತು.

ನಮ್ಮಲ್ಲಿ ಈ ಕುರಿತು ಎಚ್ಚರ ಮೂಡಿಸುವ ಕೆಲಸಕ್ಕೆ ಕರ್ನಾಟಕವೇ ಮುಂದಾಗಿತ್ತು. ಬೆಂಗಳೂರಿನ ಜಾರ್ಜ್ ಫೌಂಡೇಶನ್ ಮುಂದಾಳತ್ವದಲ್ಲಿ 1990ರ ದಶಕದ ಕೊನೆಗೆ ಏಳು ನಗರಗಳಲ್ಲಿ ರಕ್ತ ಪರೀಕ್ಷೆ ನಡೆಯಿತು. ಪರೀಕ್ಷೆಗೆ ಒಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿ ಸೀಸವಿತ್ತು. ಅದೇ ವಿಷಯವಾಗಿ 1999ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವೂ ಸೇರಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕ ತುಪ್ಪಿಲ್ ವೆಂಕಟೇಶ್ ಈ ಕೆಲಸಕ್ಕೆ ಜೀವ ತೇಯ್ದವರು. ಸೀಸದ ವಿಷ ತಡೆಯುವ ರಾಷ್ಟ್ರೀಯ ಕೇಂದ್ರವೊಂದು ಅಲ್ಲಿ ಅವರ ನೇತೃತ್ವದಲ್ಲಿ ಬೆಳೆಯಿತು. ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ 2000ದ ಏಪ್ರಿಲ್ ಹೊತ್ತಿಗೆ ಅದರಿಂದ ಹೊರಬಿದ್ದಿತು.

ಬಣ್ಣದ ಸರದಿ ಬರಲು ಇನ್ನೂ ಹದಿನಾರು ವರ್ಷ ಬೇಕಾಯಿತು. ಅಲ್ಲಿಯವರೆಗೆ ಇದ್ದದ್ದು ಕಂಪನಿಗಳು ಇಷ್ಟಪಟ್ಟರೆ ಪಾಲಿಸಬಹುದಾದ ಮಾನದಂಡ ಮಾತ್ರ. ಕೇಂದ್ರ ಪರಿಸರ ಸಚಿವಾಲಯ 2016ರ ನವೆಂಬರ್ 1ರಂದು ಹೊರಡಿಸಿದ ನಿಯಮ, ಮನೆ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂದಿತು. 2017ರ ನವೆಂಬರ್ 1ರಿಂದ ಅದು ಜಾರಿಗೆ ಬಂತು. ಹಳೇ ದಾಸ್ತಾನು ಮಾರಿ ಮುಗಿಸಲು ಇನ್ನೊಂದು ವರ್ಷ ಬಿಡುವು ಸಿಕ್ಕಿತು. ಕಾರ್ಖಾನೆ, ಯಂತ್ರಗಳಿಗೆ ಬಳಿಯುವ ಬಣ್ಣಗಳನ್ನು ಈ ನಿಯಮ ಮುಟ್ಟಲೇ ಇಲ್ಲ.

ಅಂದರೆ 2018 ಮುಗಿಯುವ ಮೊದಲು ಆಯಿಲ್ ಪೇಂಟ್ ಕಂಡ ಯಾವ ಬಾಗಿಲೂ, ಯಾವ ಕಿಟಕಿಯೂ ಅನುಮಾನದಿಂದ ಹೊರತಲ್ಲ. ಜಾತ್ರೆಗೊಮ್ಮೆ, ಮದುವೆಗೊಮ್ಮೆ ಬಳಿದ ಬಣ್ಣ ಒಂದರ ಮೇಲೊಂದು ಕೂತು ಅಜ್ಜನ ಕಾಲದ ಪದರವೂ ಅಡಿಯಲ್ಲಿ ಹಾಗೆಯೇ ಇರುತ್ತದೆ. ಪುಟ್ಟಿ ಬ್ಲೇಡು ಆ ಎಲ್ಲ ಪದರಗಳನ್ನೂ ಒಟ್ಟಿಗೇ ಎಬ್ಬಿಸುತ್ತದೆ.

ಮೈಯೊಳಗೆ ಸೀಸ ಮಾಡುವುದೇನು?

ಸೀಸದಿಂದ ದೇಹಕ್ಕೆ ಯಾವ ಉಪಯೋಗವೂ ಇಲ್ಲ. ಆದರೆ ದೇಹ ಅದನ್ನು ಕ್ಯಾಲ್ಸಿಯಂ ಎಂದು ತಪ್ಪು ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ. ರಕ್ತದಲ್ಲಿ ಕೆಲ ವಾರ ಸುತ್ತಾಡಿ, ಎಲುಬು-ಹಲ್ಲುಗಳಲ್ಲಿ ಸೇರಿ, ಅಲ್ಲಿ ದಶಕಗಳ ಕಾಲ ಉಳಿಯುತ್ತದೆ. ಹೆಣ್ಣುಮಗಳು ಬಸುರಾದಾಗ ಎಲುಬಿನ ಕ್ಯಾಲ್ಸಿಯಂ ಕರಗುವುದರ ಜೊತೆಗೆ ಹಳೇ ಸೀಸವೂ ಕರಗಿ ರಕ್ತಕ್ಕಿಳಿದು ಹೊಟ್ಟೆಯಲ್ಲಿರುವ ಕೂಸನ್ನು ತಲುಪಬಲ್ಲದು.

ನುಂಗಿದ ಸೀಸವನ್ನು ಮಕ್ಕಳ ಮೈ ದೊಡ್ಡವರ ಮೈಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳೆಯುತ್ತಿರುವ ಮಿದುಳಿಗೆ ಅದು ಮಾಡುವ ಹಾನಿ ತಿರುಗಿ ಸರಿಹೋಗುವಂಥದ್ದಲ್ಲ. ಕಲಿಕೆ ಹಿಂದೆ ಬೀಳುತ್ತದೆ, ಗಮನ ನಿಲ್ಲುವುದಿಲ್ಲ, ಸಿಟ್ಟು ಹೆಚ್ಚುತ್ತದೆ. ಜ್ವರ ಬಂದಂತೆ, ವಾಂತಿಯಾದಂತೆ ಎದ್ದು ಕಾಣುವ ಲಕ್ಷಣ ಇಲ್ಲದ್ದರಿಂದ ಹುಡುಗನಿಗೆ ವಿದ್ಯೆ ತಲೆಗೆ ಹತ್ತುವುದಿಲ್ಲ ಎಂದು ನಾವು ಹುಡುಗನನ್ನೇ ದೂರುತ್ತೇವೆ. ಇಷ್ಟು ಸೀಸವಿದ್ದರೆ ಸುರಕ್ಷಿತ ಎಂಬ ಮಟ್ಟವೇ ಇಲ್ಲ ಎಂಬುದು ಇಂದಿನ ವೈದ್ಯಲೋಕದ ಒಮ್ಮತ.

ರಕ್ತಹೀನತೆ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ಮೈಯಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಕರುಳು ಸೀಸವನ್ನು ಹೆಚ್ಚು ಒಳಗೆ ಬಿಡುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂವರಲ್ಲಿ ಸುಮಾರು ಇಬ್ಬರಿಗೆ ರಕ್ತಹೀನತೆ ಇದೆ. ಬಣ್ಣದ ಪುಡಿ ಬೀಳುತ್ತಿರುವುದು ಇಂಥ ಮಕ್ಕಳು ಆಡುವ ಕಟ್ಟೆಯ ಮೇಲೆ.

ಒಂದು ಲೆಕ್ಕ ಹಾಕಿ ನೋಡೋಣ. ಉಗುರಿನಷ್ಟು ಅಗಲದ, ಒಂದು ಗ್ರಾಂನ ಹತ್ತನೇ ಒಂದು ಪಾಲು ತೂಗುವ ಚಕ್ಕೆ ಇದೆ ಎನ್ನಿ. ಅದರಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಸೀಸವಿದ್ದರೂ ಅದು 1,000 ಮೈಕ್ರೋಗ್ರಾಂ ಆಯಿತು. ಮಗುವೊಂದರ ಊಟ-ತಿಂಡಿಯಲ್ಲಿ ದಿನಕ್ಕೆ 2.2 ಮೈಕ್ರೋಗ್ರಾಂ ಸೀಸ ದಾಟಬಾರದೆಂದು ಅಮೆರಿಕದ ಆಹಾರ ಇಲಾಖೆ ಗೆರೆ ಎಳೆದಿದೆ. ಕಟ್ಟೆಯ ಮೇಲೆ ಬಿದ್ದ ಆ ಒಂದು ಚಕ್ಕೆಯಲ್ಲಿ ಅದರ ನಾನೂರೈವತ್ತು ಪಟ್ಟು ಇದೆ.

ದೊಡ್ಡವರಲ್ಲಿ ಹೊಟ್ಟೆ ಹಿಡಿದುಕೊಂಡಂಥ ನೋವು, ಮಲಬದ್ಧತೆ, ತಲೆನೋವು, ಸುಸ್ತು, ಕೈ ಹಿಡಿತ ಸಡಿಲವಾಗುವುದು, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಕಾಣಿಸಿಕೊಳ್ಳಬಹುದು. ವರ್ಷಗಟ್ಟಲೆ ಕೆರೆಯುವ ಕೆಲಸ ಮಾಡಿದ ಪೇಂಟರ್ ಇದನ್ನೆಲ್ಲ ವಯಸ್ಸಿನ ಲೆಕ್ಕಕ್ಕೆ, ಬಿಸಿಲಿನ ಲೆಕ್ಕಕ್ಕೆ ಹಾಕಿಬಿಡುತ್ತಾರೆ.

ಕೆರೆಯಲೇಬೇಕೇ?

ಕೆಲಸ ಹಿಡಿಯುವ ಮುನ್ನ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು. ಗಟ್ಟಿಯಾಗಿ ಕೂತ, ಏಳದ, ಸಿಪ್ಪೆ ಬಿಡದ ಹಳೇ ಬಣ್ಣ ಇದ್ದಲ್ಲಿಯೇ ಇದ್ದರೆ ಅಷ್ಟು ಅಪಾಯವಿಲ್ಲ. ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒದ್ದೆಯಾಗಿಯೇ ತುಸು ತರಿ ಮಾಡಿ, ಮೇಲೆ ಒಳ್ಳೆಯ ಪ್ರೈಮರ್, ಹೊಸ ಬಣ್ಣ ಬಳಿದರೆ ಸೀಸ ಅಡಿಯಲ್ಲೇ ಬಂದಿಯಾಗಿರುತ್ತದೆ. ಬಾಗಿಲನ್ನು ಬೋಳು ಮರಕ್ಕೆ ತರಲೇಬೇಕೆಂಬ ಹಟ ಬೇಡ.

ಎದ್ದು ನಿಂತ, ಉದುರುತ್ತಿರುವ ಬಣ್ಣವನ್ನು ತೆಗೆಯಲೇಬೇಕು. ಬಾಗಿಲು ಚೌಕಟ್ಟಿಗೆ ತಿಕ್ಕುವ ಅಂಚು, ಕಿಟಕಿಯ ಪಡಕು ಕೂಡುವ ಜಾಗ, ಚಿಲಕ ಬಡಿಯುವ ಜಾಗಗಳಲ್ಲಿ ದಿನವೂ ತಿಕ್ಕಾಟದಿಂದ ಪುಡಿ ಹುಟ್ಟುತ್ತಿರುತ್ತದೆ. ಅವನ್ನೂ ಬಿಡುವಂತಿಲ್ಲ.

ಸೀಸ ಇದೆಯೋ ಇಲ್ಲವೋ ಎಂದು ಕಣ್ಣಿಗೆ ಕಾಣದು. ಎಕ್ಸ್-ರೇ ಹಾಯಿಸಿ ತಕ್ಷಣ ಹೇಳುವ ಕೈಯಂತ್ರಗಳಿವೆ. ಮಂಗಳೂರಿನ ಸಂಶೋಧಕರು ಅಂಥ ಯಂತ್ರದಿಂದ ಮಕ್ಕಳ ಸುತ್ತಮುತ್ತಲಿನ ಸೀಸದ ಮೂಲ ಪತ್ತೆ ಹಚ್ಚಿದ್ದನ್ನು 2004ರಲ್ಲೇ ಪ್ರಕಟಿಸಿದ್ದಾರೆ. ಚಕ್ಕೆಯನ್ನು ಪ್ರಯೋಗಾಲಯಕ್ಕೆ ಕಳಿಸಿಯೂ ತಿಳಿಯಬಹುದು. ಹಳ್ಳಿಯ ಮನೆಯೊಂದರ ನಾಲ್ಕು ಬಾಗಿಲಿಗೆ ಅಷ್ಟೆಲ್ಲ ಓಡಾಡುವುದು ಕಷ್ಟ. ಹಳೇ ಆಯಿಲ್ ಪೇಂಟ್ ಎಂದರೆ ಸೀಸ ಇದೆ ಎಂದೇ ತಿಳಿದು ಕೆಲಸ ಮಾಡುವುದು ಎಲ್ಲಕ್ಕಿಂತ ಸುಲಭ.

ಮಾಡಬಾರದ ನಾಲ್ಕು ಕೆಲಸ

ಒಂದು, ಒಣ ಮೈಯನ್ನು ಕೆರೆಯುವುದು, ಒಣ ಪಾಲಿಶ್ ಪೇಪರಿನಿಂದ ತಿಕ್ಕುವುದು. ಅತಿ ನವಿರಾದ ಧೂಳು ಏಳುವುದು ಇದರಿಂದಲೇ.

ಎರಡು, ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಅಥವಾ ಸ್ಯಾಂಡಿಂಗ್ ಮಷಿನ್ ಹಿಡಿದು ಉಜ್ಜುವುದು. ಧೂಳನ್ನು ಹುಟ್ಟಿದಲ್ಲಿಯೇ ಎಳೆದುಕೊಳ್ಳುವ, ಹೆಪಾ ಎಂಬ ನವಿರು ಸೋಸುವಿಕೆಯ ವ್ಯಾಕ್ಯೂಮ್ ಜೋಡಿಸದೆ ಇಂಥ ಯಂತ್ರ ಬಳಸುವುದನ್ನು ಅಮೆರಿಕದ ನಿಯಮ ನಿಷೇಧಿಸಿದೆ. ಅರ್ಧ ದಿನದ ಕೆಲಸ ಹತ್ತು ನಿಮಿಷಕ್ಕೆ ಮುಗಿದರೂ ಅರ್ಧ ದಿನದ ಧೂಳೆಲ್ಲ ಆ ಹತ್ತು ನಿಮಿಷದಲ್ಲಿ ಮನೆ ತುಂಬುತ್ತದೆ.

ಮೂರು, ಬ್ಲೋ ಲ್ಯಾಂಪಿನಿಂದ ಸುಟ್ಟು ಬಣ್ಣ ಎಬ್ಬಿಸುವುದು. ಬೆಂಕಿಯ ಕಾವಿಗೆ ಸೀಸ ಹೊಗೆಯಾಗಿ ಮೇಲೇಳುತ್ತದೆ. ಅದನ್ನು ಟವೆಲ್ ತಡೆಯದು, ಮಾಮೂಲಿ ಮಾಸ್ಕೂ ತಡೆಯದು. ಬಿಸಿಗಾಳಿಯ ಹೀಟ್ ಗನ್ ಬಳಸುವುದಾದರೂ ಅದರ ಕಾವು 593 ಡಿಗ್ರಿ ಸೆಲ್ಸಿಯಸ್ ದಾಟಬಾರದೆಂದು ಅದೇ ನಿಯಮ ಹೇಳುತ್ತದೆ.

ನಾಲ್ಕು, ಮುಚ್ಚಿದ ಕೋಣೆಯಲ್ಲಿ ಘಾಟಿನ ಪೇಂಟ್ ರಿಮೂವರ್ ಹಚ್ಚುವುದು. ಮೆಥಿಲೀನ್ ಕ್ಲೋರೈಡ್ ಇರುವ ರಿಮೂವರಿನ ಆವಿ ಗಾಳಿಯಾಡದ ಜಾಗದಲ್ಲಿ ಜೀವ ತೆಗೆದ ಉದಾಹರಣೆಗಳಿವೆ. ಅದನ್ನು ಮನೆಬಳಕೆಗೆ ಮಾರುವುದನ್ನು ಅಮೆರಿಕ 2019ರಲ್ಲಿ ನಿಲ್ಲಿಸಿತು.

ಒಂದು ಕಿಟಕಿ, ಹಂತ ಹಂತವಾಗಿ

ಪಡಸಾಲೆಯ ಒಂದೇ ಕಿಟಕಿಯನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ.

ಮೊದಲು ಮಕ್ಕಳನ್ನೂ ಬಸುರಿಯರನ್ನೂ ಆ ದಿನದ ಮಟ್ಟಿಗೆ ಬೇರೆ ಮನೆಗೆ ಕಳಿಸಿ. ಓಣಿಯಲ್ಲೇ ಇರುವ ದೊಡ್ಡಪ್ಪನ ಮನೆಯೋ ಅತ್ತೆಯ ಮನೆಯೋ ಇದ್ದೇ ಇರುತ್ತದೆ. ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿ. ದನಗಳನ್ನು ದೂರ ಕಟ್ಟಿ, ಗೋದಲಿಯಲ್ಲಿ ಮೇವು ಉಳಿಸಬೇಡಿ. ದನಗಳಿಗೆ ಸೀಸದ ವಿಷ ಬಲು ಬೇಗ ತಾಗುತ್ತದೆಂದು ಪಶುವೈದ್ಯರಿಗೆ ಗೊತ್ತು. ಹಾಸಿಗೆ, ಬಟ್ಟೆ, ಕಾಳಿನ ಚೀಲ, ನೀರಿನ ಕೊಡ ಹೊರಗೆ ಸಾಗಲಿ. ಸಾಗಿಸಲಾಗದ್ದನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಅಂಚಿಗೆ ಟೇಪ್ ಅಂಟಿಸಿ. ಫ್ಯಾನ್ ಬಂದ್ ಮಾಡಿ.

ಕಿಟಕಿಯ ಕೆಳಗೆ ತಾಡಪತ್ರಿ ಹಾಸಿ. ಒಳಗಿನ ಕೆಲಸಕ್ಕೆ ಎಲ್ಲ ಕಡೆ ಆರಡಿ, ಹೊರಗಿನ ಕೆಲಸಕ್ಕೆ ಹತ್ತಡಿ ಅಗಲ ಇರಲಿ. ಸೆಗಣಿ ಸಾರಿಸಿದ ಮಣ್ಣಿನ ನೆಲವಿದ್ದರೆ ಇದು ಇನ್ನೂ ಮುಖ್ಯ. ಫರಸಿ ಕಲ್ಲನ್ನು ಒರೆಸಿಕೊಳ್ಳಬಹುದು, ಮಣ್ಣಿನ ನೆಲಕ್ಕೆ ಇಳಿದ ಪುಡಿ ಮರುದಿನದ ಸಾರಣೆಯಲ್ಲಿ ಬೆರೆತುಹೋಗುತ್ತದೆ. ಹೊರಗೆ ಗಾಳಿ ಜೋರಾಗಿದ್ದರೆ ಆ ದಿನ ಕೆಲಸ ಬಿಡಿ.

ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಸ್ಪ್ರೇ ಬಾಟಲಿ ತೆಗೆದುಕೊಳ್ಳಿ. ಹೊಲಕ್ಕೆ ಔಷಧ ಹೊಡೆಯುವ ಪಂಪು ಬೇಡವೇ ಬೇಡ. ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಸಾಬೂನು ಹಾಕಿದರೆ ಬಿರುಕಿನೊಳಗೆ ಚೆನ್ನಾಗಿ ಇಳಿಯುತ್ತದೆ. ಒಂದು ಮೊಳದಷ್ಟು ಜಾಗ ನೆನೆಸಿ, ಎರಡು ನಿಮಿಷ ಬಿಟ್ಟು, ಬ್ಲೇಡನ್ನು ಮೇಲಿಂದ ಕೆಳಗೆ ಎಳೆಯಿರಿ. ಚಕ್ಕೆ ಒದ್ದೆಯಾಗಿ ಕೆಳಗೆ ಬೀಳುತ್ತದೆ, ಹಾರುವುದಿಲ್ಲ. ಒಣಗಿತು ಎನಿಸಿದ ಕೂಡಲೇ ಮತ್ತೆ ಚಿಮುಕಿಸಿ. ಉಜ್ಜಲು ಅಂಗಡಿಯಲ್ಲಿ ವಾಟರ್ ಪೇಪರ್ ಎಂದೇ ಕೇಳಿ. ಗಾಡಿಗಳಿಗೆ ಬಣ್ಣ ಹೊಡೆಯುವವರು ಬಕೆಟ್ಟಿನಲ್ಲಿ ಅದ್ದಿ ಅದ್ದಿ ತಿಕ್ಕುವ ಕಪ್ಪು ಕಾಗದ ಅದೇ. ಸ್ವಿಚ್ ಬೋರ್ಡ್ ಹತ್ತಿರವಿದ್ದರೆ ಮೇನ್ ಆಫ್ ಮಾಡಿ.

ಮುಖಕ್ಕೆ ಟವೆಲ್ ಸಾಲದು. ಕೋವಿಡ್ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಎನ್95 ಮಾಸ್ಕ್ ಕನಿಷ್ಠ ಬೇಕು. ದಿನವೂ ಇದೇ ಕೆಲಸ ಮಾಡುವವರಿಗೆ ಪಿ100 ಫಿಲ್ಟರ್ ಹಾಕುವ ರಬ್ಬರ್ ಮಾಸ್ಕ್ ಒಳ್ಳೆಯದು. ಮೂಗು-ಗಲ್ಲಕ್ಕೆ ಬಿಗಿಯಾಗಿ ಕೂತರೆ ಮಾತ್ರ ಅದು ಕೆಲಸ ಮಾಡುತ್ತದೆ. ಗಡ್ಡ ಇದ್ದರೆ ಸಂದಿಯಿಂದ ಧೂಳು ನುಗ್ಗುತ್ತದೆ. ಕಣ್ಣಿಗೆ ಕನ್ನಡಕ, ತಲೆಗೆ ಬಟ್ಟೆ, ಮೈಗೆ ಉದ್ದ ತೋಳಿನ ಹಳೇ ಅಂಗಿ.

ಸಂಜೆ ಕಸಬರಿಗೆ ಮುಟ್ಟಬೇಡಿ. ತಾಡಪತ್ರಿಗೆ ನೀರು ಚಿಮುಕಿಸಿ ಅಂಚಿನಿಂದ ನಡುವಿಗೆ ಮಡಚುತ್ತ ಬನ್ನಿ. ಚಕ್ಕೆಗಳನ್ನು ದಪ್ಪ ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ಕಿಟಕಿಯ ದಂಡೆ, ನೆಲ, ಗೋಡೆಯ ಬುಡವನ್ನು ಸಾಬೂನು ನೀರಿನ ಬಟ್ಟೆಯಿಂದ ಒರೆಸಿ, ಆಮೇಲೆ ಬೇರೆ ಬಕೆಟ್ಟಿನ ಸ್ವಚ್ಛ ನೀರಿನಿಂದ ಇನ್ನೊಮ್ಮೆ ಒರೆಸಿ. ಆ ನೀರನ್ನು ಬಟ್ಟೆಯಲ್ಲಿ ಸೋಸಿ ಶೌಚಾಲಯಕ್ಕೆ ಸುರಿಯಿರಿ. ಹಿತ್ತಲಿನ ಕಾಯಿಪಲ್ಲೆ ಮಡಿಗೆ, ಹಳ್ಳಕ್ಕೆ, ಬಾವಿಯ ದಂಡೆಗೆ ಹೋಗುವುದು ಬೇಡ. ಬಟ್ಟೆಯಲ್ಲಿ ಉಳಿದ ಗಸಿಯೂ ಆ ಬಟ್ಟೆಯೂ ಚಕ್ಕೆಯ ಚೀಲಕ್ಕೇ ಸೇರಲಿ.

ಅಂಗೈಯಲ್ಲಿ ಸೀಸ

ಉಸಿರಿನಷ್ಟೇ ದೊಡ್ಡ ದಾರಿ ಬಾಯಿ. ಕೆರೆಯುವ ಕೆಲಸದ ನಡುವೆ ಪೇಂಟರ್ ಕೂತು ತಂಬಾಕಿನ ಎಸಳನ್ನು ಅಂಗೈಗೆ ಹಾಕಿಕೊಳ್ಳುತ್ತಾರೆ. ಮೇಲೆ ತುಸು ಸುಣ್ಣ. ಹೆಬ್ಬೆರಳಿನಿಂದ ಚೆನ್ನಾಗಿ ತಿಕ್ಕಿ, ಎರಡು ಸಲ ತಟ್ಟಿ, ತುಟಿಯ ಒಳಗೆ ಇಡುತ್ತಾರೆ. ಅಂಗೈಯ ಗೆರೆಗಳಲ್ಲಿ ಕೂತಿದ್ದ ಬಣ್ಣದ ಪುಡಿ ಅಷ್ಟೂ ತಂಬಾಕಿನೊಡನೆ ಕಲೆತು ಬಾಯೊಳಗೆ ಹೋಯಿತು. ಅದು ಗಂಟೆಗಟ್ಟಲೆ ಅಲ್ಲಿಯೇ ಕರಗುತ್ತಿರುತ್ತದೆ. ಬೀಡಿ, ಗುಟ್ಕಾ, ಎಲೆ-ಅಡಿಕೆಗೂ ಇದೇ ಮಾತು. ಕೆಲಸದ ಜಾಗದಲ್ಲಿ ಬಾಯಿಗೆ ಏನನ್ನೂ ಹಾಕಬಾರದು. ಚಹಾಕ್ಕೂ ಬುತ್ತಿಗೂ ಏಳುವ ಮೊದಲು ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದು, ಮುಖ ತೊಳೆದು, ಬಾಯಿ ಮುಕ್ಕಳಿಸಬೇಕು. ಸಾಬೂನೂ ನೀರೂ ಕೈಗೆಟಕುವಲ್ಲಿ ಇಡುವುದು ಮನೆಯವರ ಕೆಲಸ.

ಸಂಜೆ ಅದೇ ಅಂಗಿಯಲ್ಲಿ ಮನೆಗೆ ಹೋದ ಅಪ್ಪನ ತೊಡೆಯ ಮೇಲೆ ಮಗು ಬಂದು ಕೂರುತ್ತದೆ. ಅಂಗಿಯ ಧೂಳು ಮಗುವಿನ ಕೈಗೆ ಹತ್ತುತ್ತದೆ. ಸೀಸ ಕೆಲಸದ ಮನೆಯಿಂದ ಕೆಲಸಗಾರನ ಮನೆಗೆ ಹೋಗುವುದು ಹೀಗೆ. ಕೆಲಸ ಮುಗಿದಲ್ಲಿಯೇ ಬಟ್ಟೆ ಬದಲಿಸಿ ಚೀಲದಲ್ಲಿ ಕಟ್ಟಿಕೊಂಡು ಹೋಗಬೇಕು. ಆ ಬಟ್ಟೆಯನ್ನು ಮನೆಯ ಉಳಿದ ಬಟ್ಟೆಯೊಂದಿಗೆ ನೆನೆಸಬಾರದು.

ವರ್ಷಗಳಿಂದ ಈ ಕೆಲಸ ಮಾಡುವವರು ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ವೈದ್ಯರ ಚೀಟಿಯಿದ್ದರೆ ದೊಡ್ಡ ಲ್ಯಾಬುಗಳ ಮೂಲಕ ಮಾಡಿಸಬಹುದು. ವೈದ್ಯರ ಹತ್ತಿರ ಹೋದಾಗ ಕೆಲಸ ಏನೆಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಸೀಸ ಯಾರ ಯೋಚನೆಗೂ ಬರುವುದಿಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಸರಕಾರಕ್ಕೆ ವರದಿ ಮಾಡಲೇಬೇಕಾದ ಕೆಲಸದ ರೋಗಗಳ ಪಟ್ಟಿ ಶುರುವಾಗುತ್ತಿದ್ದದ್ದೇ ಸೀಸದ ವಿಷದಿಂದ. ಓಣಿ ಓಣಿ ತಿರುಗಿ ಕೆಲಸ ಮಾಡುವ ಪೇಂಟರಿಗೆ ಕಾರ್ಖಾನೆಯ ಆ ಕಾವಲು ಇಲ್ಲ.

ಬಚ್ಚಲ ಒಲೆಗೆ ಹಾಕಬೇಡಿ

ಕಳಚಿದ ಹಳೇ ಕಿಟಕಿ, ಮುರಿದ ಬಾಗಿಲಿನ ಹಲಗೆ ನಮ್ಮಲ್ಲಿ ಎಲ್ಲಿಗೆ ಹೋಗುತ್ತವೆ? ಸ್ನಾನದ ನೀರು ಕಾಯಿಸುವ ಒಲೆಗೆ. ಬಣ್ಣ ಬಳಿದ ಕಟ್ಟಿಗೆ ಸುಟ್ಟಾಗ ಸೀಸ ಸುಟ್ಟು ಹೋಗುವುದಿಲ್ಲ. ಒಂದಿಷ್ಟು ಹೊಗೆಯಲ್ಲಿ ಹೋಗುತ್ತದೆ, ಉಳಿದದ್ದು ಬೂದಿಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಆ ಬೂದಿಯಿಂದ ಪಾತ್ರೆ ತಿಕ್ಕುವವರಿದ್ದಾರೆ. ಮಿಕ್ಕಿದ್ದು ತಿಪ್ಪೆಗೆ ಬಿದ್ದು ಗೊಬ್ಬರದೊಂದಿಗೆ ಹೊಲ ಸೇರುತ್ತದೆ. ಮಣ್ಣು ಸೇರಿದ ಸೀಸ ಕೊಳೆಯುವುದಿಲ್ಲ, ಕರಗುವುದಿಲ್ಲ. ಆದ್ದರಿಂದ ಬಣ್ಣದ ಕಟ್ಟಿಗೆ ಒಲೆಗೂ ಬೇಡ, ಹೋಳಿಯ ಬೆಂಕಿಗೂ ಬೇಡ.

ಖಾಲಿ ಪೇಂಟ್ ಡಬ್ಬಿಗಳನ್ನು 2016ರ ಘನತ್ಯಾಜ್ಯ ನಿಯಮ ಮನೆಯ ಅಪಾಯಕಾರಿ ಕಸವೆಂದು ಹೆಸರಿಸಿ ಬೇರೆಯಾಗಿ ಕೊಡಲು ಹೇಳಿತು. ಬಣ್ಣದ ಚಕ್ಕೆಯ ಚೀಲಕ್ಕೂ ಅದೇ ಜಾಗ ಸಲ್ಲಬೇಕು. ಪಂಚಾಯಿತಿಯ ಕಸದ ಗಾಡಿಗೆ ಕೊಡುವಾಗ ಇದು ಹಸಿ ಕಸವಲ್ಲ, ಗೊಬ್ಬರದ ಗುಂಡಿಗೆ ಹಾಕಬಾರದು ಎಂದು ಹೇಳಿಯೇ ಕೊಡಿ.

ಅಟ್ಟದ ಮೇಲಿನ ತೊಟ್ಟಿಲು

ಕಲಘಟಗಿಯ ಹೆಸರು ಹೇಳಿದರೆ ತೊಟ್ಟಿಲು ನೆನಪಾಗುತ್ತದೆ. ಸಾಗವಾನಿ ಕಟ್ಟಿಗೆಯ ಮೇಲೆ ರಾಮಾಯಣ, ಕೃಷ್ಣಲೀಲೆಯ ಚಿತ್ರ ಬರೆದು ಅರಗಿನ ಹೊಳಪು ಕೊಡುವ ಚಿತ್ರಗಾರರ ಕೈಚಳಕ ಅದು. ನೈಸರ್ಗಿಕ ಬಣ್ಣ ಮತ್ತು ಅರಗು ಆ ಸಂಪ್ರದಾಯದ ಹೆಮ್ಮೆ. ತಲೆಮಾರು ದಾಟಿ ಬಂದ ಇಂಥ ತೊಟ್ಟಿಲನ್ನು ಮಾಸಿತೆಂದು ಮನೆಯಲ್ಲಿ ಯಾರೋ ಎಂದೋ ಅಂಗಡಿಯ ಆಯಿಲ್ ಪೇಂಟ್ ಬಳಿದಿದ್ದರೆ ಅಲ್ಲಿ ಎಚ್ಚರ ಬೇಕು. ಹಲ್ಲು ಮೂಡುವ ಕೂಸು ತೊಟ್ಟಿಲ ಅಂಚನ್ನು ಕಚ್ಚುತ್ತದೆ. ಬಣ್ಣ ಎದ್ದಿದ್ದರೆ ಅದರಲ್ಲಿ ಕೂಸನ್ನು ಹಾಕಬೇಡಿ. ಪಾಲಿಶ್ ಪೇಪರ್ ಹಿಡಿದು ನೀವೇ ಉಜ್ಜಲೂ ಹೋಗಬೇಡಿ. ಧೂಳಿನ ಅಪಾಯ ಒಂದು ಕಡೆಯಾದರೆ, ಅಡಿಯಲ್ಲಿರುವ ಹಳೇ ಚಿತ್ರವೂ ಅಳಿದುಹೋದೀತು. ಆ ಕಸುಬು ಬಲ್ಲವರಿಗೇ ತೋರಿಸಿ.

ಶಾಲೆ, ಅಂಗನವಾಡಿ, ಪಂಚಾಯಿತಿ

ಮನೆಯಷ್ಟೇ ಮುಖ್ಯವಾದ ಜಾಗ ಶಾಲೆ. ಹಳೇ ಸರಕಾರಿ ಶಾಲೆಗಳ ಬಾಗಿಲು, ಸರಳು, ಬೆಂಚುಗಳಿಗೆ ಬಣ್ಣದ ಮೇಲೆ ಬಣ್ಣ ಬಳಿದಿರುತ್ತದೆ. ಕೆರೆಯುವ ಕೆಲಸ ಬೇಸಿಗೆ ರಜೆಯಲ್ಲೇ ಮುಗಿಯಲಿ. ಮಕ್ಕಳು ಬರುವ ಮೊದಲು ಕೋಣೆಯನ್ನು ಎರಡು ಸಲ ಒದ್ದೆಯಾಗಿ ಒರೆಸಲಿ. ಶ್ರಮದಾನದ ಹೆಸರಿನಲ್ಲಿ ಮಕ್ಕಳ ಕೈಗೆ ಪಾಲಿಶ್ ಪೇಪರ್ ಕೊಡುವುದು ಎಷ್ಟು ಮಾತ್ರಕ್ಕೂ ಸಲ್ಲದು. ಹೊಸ ಬಣ್ಣ ತರುವಾಗ ಡಬ್ಬಿಯ ಮೇಲೆ ಸೀಸ 90 ಪಿಪಿಎಂ ಮೀರಿಲ್ಲ ಎಂಬ ಬರಹವೂ ತಯಾರಾದ ತಿಂಗಳು-ವರ್ಷವೂ ಇದೆಯೇ ಎಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ನೋಡಬೇಕು. ಟ್ರ್ಯಾಕ್ಟರ್ ಟ್ರೇಲರಿಗೆ, ಯಂತ್ರಕ್ಕೆ ಹೊಡೆಯುವ ಬಣ್ಣ ಉಳಿದಿದೆಯೆಂದು ಅದನ್ನೇ ಶಾಲೆಯ ಗೇಟಿಗೂ ಬಳಿಯುವುದು ಬೇಡ.

ಖರ್ಚು ಯಾರದು?

ಮೇಲೆ ಹೇಳಿದ ಎಲ್ಲಕ್ಕೂ ಬೇಕಾದದ್ದು ಒಂದು ತಾಡಪತ್ರಿ, ಸ್ಪ್ರೇ ಬಾಟಲಿ, ವಾಟರ್ ಪೇಪರ್, ಸಾಬೂನು, ಮಾಸ್ಕು, ಎರಡು ಬಕೆಟ್ ನೀರು. ಇವುಗಳ ಬೆಲೆ ಹೆಚ್ಚಲ್ಲ. ಬೆಲೆ ಇರುವುದು ಸಮಯಕ್ಕೆ. ಒದ್ದೆ ಕೆಲಸ ನಿಧಾನ. ನೆನೆಸಬೇಕು, ಕಾಯಬೇಕು, ಒರೆಸಬೇಕು, ಮರ ಪೂರ್ತಿ ಒಣಗಿದ ಮೇಲೇ ಪ್ರೈಮರ್ ಹಚ್ಚಬೇಕು.

ಗುತ್ತಿಗೆಗೆ ಮನೆ ಹಿಡಿದ ಪೇಂಟರಿಗೆ ಹೆಚ್ಚು ಹಿಡಿದ ಪ್ರತಿ ದಿನವೂ ನಷ್ಟ. ಹಾಗಿರುವಾಗ ಎಚ್ಚರದಿಂದ ಕೆಲಸ ಮಾಡಪ್ಪಾ ಎಂದು ಬಾಯಿಮಾತಿನ ಬುದ್ಧಿ ಹೇಳಿ, ಹಬ್ಬದ ಹಿಂದಿನ ದಿನಕ್ಕೆ ಮುಗಿಸೆಂದು ಗಡಿಬಿಡಿ ಮಾಡುವುದು ನ್ಯಾಯವಲ್ಲ. ಮಾತು ಆಡುವಾಗಲೇ ಕೆರೆಯುವ ಕೆಲಸವನ್ನು ಬೇರೆ ಲೆಕ್ಕಕ್ಕೆ ಹಿಡಿದು, ಹೆಚ್ಚಿನ ಪಗಾರ ಕೊಟ್ಟು, ಹಬ್ಬಕ್ಕೆ ಎರಡು ವಾರ ಮೊದಲೇ ಕೆಲಸ ಶುರು ಮಾಡಿಸಬೇಕು. ಸಾಮಾನು ಮನೆಯವರೇ ತರಬೇಕು. ಶಾಲೆ, ಅಂಗನವಾಡಿ, ಸಮುದಾಯ ಭವನಗಳ ಅಂದಾಜು ಪಟ್ಟಿಯಲ್ಲಿ ಬಣ್ಣದ ಡಬ್ಬಿಯ ಬೆಲೆ ಬರೆಯುವ ಎಂಜಿನಿಯರ್, ಹಳೇ ಬಣ್ಣವನ್ನು ಒದ್ದೆಯಾಗಿ ತೆಗೆಯುವ ಮತ್ತು ನೆಲ ಒರೆಸುವ ಕೂಲಿಗೂ ಒಂದು ಸಾಲು ಬರೆಯಬೇಕು.

ಸೀಸದ ಬಣ್ಣ ಬಳಿದವರು, ಮಾರಿದವರು, ತಡವಾಗಿ ಕಾಯ್ದೆ ತಂದವರು ಇಂದು ನಮ್ಮ ಪಡಸಾಲೆಗೆ ಬಂದು ಅದನ್ನು ತೆಗೆದುಕೊಡುವುದಿಲ್ಲ. ತೆಗೆಯುವವರು ದಿನದ ದುಡಿಮೆಯ ಮೇಲೆ ಬದುಕುವವರು. ಅವರ ಮೈಗೂ ನಮ್ಮ ಮಕ್ಕಳ ಮೈಗೂ ಸೀಸ ಇಳಿಯದಂತೆ ತಡೆಯಲು ಒಂದು ದಿನದ ಹೆಚ್ಚಿನ ಪಗಾರ ಸಾಕು. ಈ ಸಲ ಪೇಂಟರನ್ನು ಕರೆದು ರೇಟು ಮಾತಾಡುವಾಗ, ಬಣ್ಣ ಯಾವುದೆಂದು ಕೇಳುವ ಮೊದಲು ಕೆರೆಯುವುದು ಹೇಗೆ ಎಂದು ಕೇಳಿ, ಆ ಒಂದು ದಿನವನ್ನು ಲೆಕ್ಕದಲ್ಲಿ ಸೇರಿಸಿ.